ಬೋರ್ಡಣ್ಣನ ಕಿಟಕಿ

ಊರಿನವರೆಲ್ಲ ಅವನನ್ನು ಬೋರ್ಡಣ್ಣ ಎಂದೇ ಕರೆಯುತ್ತಿದ್ದರು. ಅಂಗಡಿಗಳಿಗೆ ಬೋರ್ಡು ಬರೆಯುವವನನ್ನು ಇನ್ನೇನೆಂದು ಕರೆಯಬೇಕು? ಅವನಿಗೆ ಮಾತ್ರ ಆರ್ಟಿಸ್ಟ್ ಅನ್ನಿಸಿಕೊಳ್ಳುವ ಆಸೆ. ಬೇರೆ ಯಾರೂ ಅನ್ನದ ಕಾರಣ ಮನೆಯ ಬಾಗಿಲ ಮೇಲೆ ತಾನೇ ಹಾಗೆ ಬರೆದುಕೊಂಡಿದ್ದ, ಅದೂ ನೆರಳು ಬಿದ್ದಂತೆ ಕಾಣುವ ಅಕ್ಷರಗಳಲ್ಲಿ.

ಮನೆ ಚೆಂದ ಮಾಡಲು ದುಡ್ಡು ಸುರಿಯುವವರನ್ನು ಕಂಡರೆ ಅವನಿಗೆ ಕನಿಕರ. ಮನೆಗೆ ಬೇಕಾದ್ದು ದುಡ್ಡಲ್ಲ, ಕಲೆ ಎಂದು ಬಂದವರಿಗೆಲ್ಲ ಉಪದೇಶ ಮಾಡುತ್ತಿದ್ದ. ಕಲೆ ಎಂದರೆ ಬೋರ್ಡು ಬರೆದ ಮೇಲೆ ಡಬ್ಬಿಯ ತಳದಲ್ಲಿ ಉಳಿದ ಬಣ್ಣ. ನಡುಮನೆಯ ಗೋಡೆಗೆ ಔಷಧಿ ಅಂಗಡಿಯ ಹಸಿರು ಬಳಿದ. ಅದು ಸೊಂಟದ ಎತ್ತರಕ್ಕೆ ಮುಗಿದುಹೋದ್ದರಿಂದ ಮೇಲೆ ಬೇಕರಿಯ ಗುಲಾಬಿ ಬಂತು. ಮಗಳು ಪುಸ್ತಕದ ಕಪಾಟು ಬೇಕೆಂದಾಗ ಗೋಡೆ ತುಂಬ ಕಪಾಟು ಬರೆದು, ದಪ್ಪ ದಪ್ಪ ಪುಸ್ತಕ ಜೋಡಿಸಿ, ಸಹಜವಾಗಿ ಕಾಣಲೆಂದು ಒಂದನ್ನು ವಾಲಿಸಿಯೂ ಇಟ್ಟ. ಮಗಳ ಪುಸ್ತಕಗಳು ಮಂಚದ ಕೆಳಗೇ ಉಳಿದವು. ಸಿಮೆಂಟಿನ ನೆಲದ ಮೇಲೆ ಕುಚ್ಚುಗಳಿರುವ ಕೆಂಪು ಜಮಖಾನ ಬರೆದ. ಗೋಡೆಯ ಮೇಲಿನ ಗಡಿಯಾರದಲ್ಲಿ ಯಾವಾಗಲೂ ಹತ್ತು ಗಂಟೆ ಹತ್ತು ನಿಮಿಷ. ಒಮ್ಮೆ ಗ್ಯಾಸ್ ಸಿಲಿಂಡರ್ ತರುವವನು ತನ್ನ ಕೊಡೆಯನ್ನು ಗೋಡೆಯ ಮೇಲೆ ಬರೆದ ಮೊಳೆಗೆ ತಗುಲಿಹಾಕಲು ಹೋಗಿ ಕಾಲ ಮೇಲೆ ಬೀಳಿಸಿಕೊಂಡ. ಬೋರ್ಡಣ್ಣನನ್ನು ಆ ದಿನ ಹಿಡಿಯುವವರೇ ಇರಲಿಲ್ಲ.

ಈ ಮನೆಗೆ ಅವನ ತಾಯಿ ಬಂದಳು. ಮಂಡಿನೋವಿನಿಂದ ತನ್ನ ಮಗಳ ಮನೆಯ ಮಹಡಿ ಮೆಟ್ಟಿಲು ಹತ್ತಲಾರದೆ, ಮಗನೇ ಗತಿ ಎಂದು ಗಂಟುಮೂಟೆ ಕಟ್ಟಿಕೊಂಡು ಬಂದವಳು. ಅವಳಿಗೆ ಸಿಕ್ಕಿದ್ದು ಬಣ್ಣದ ಡಬ್ಬಿ ತುಂಬಿಡುತ್ತಿದ್ದ ಹಿಂದಿನ ಕೋಣೆ. ಡಬ್ಬಿಗಳು ಹೋದರೂ ಟರ್ಪೆಂಟೈನ್ ವಾಸನೆ ಹೋಗಲಿಲ್ಲ. ಬಾಗಿಲು ಬಿಟ್ಟರೆ ಗಾಳಿಯಾಡಲು ಒಂದು ಕಿಂಡಿಯೂ ಇರಲಿಲ್ಲ. ಅಮ್ಮನಿಗೆ ಮೊದಲೇ ಉಬ್ಬಸ. ಮಲಗಿದರೆ ಉಸಿರು ಕಟ್ಟುತ್ತದೆಂದು ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದಳು. ಬಂದ ವಾರದಲ್ಲೇ ಮಗನನ್ನು ಕರೆದು, ಇನ್ನೇನೂ ಬೇಡ, ಒಂದು ಕಿಟಕಿ ಇಡಿಸಿಕೊಡು ಎಂದಳು.

ಗೋಡೆ ಒಡೆಸಬೇಕು, ಚೌಕಟ್ಟು ತರಬೇಕು, ಧೂಳು ಬೇರೆ ಎಂದು ಬೋರ್ಡಣ್ಣ ರಾಗ ಎಳೆದ. ಅಷ್ಟಕ್ಕೂ ಆಚೆ ನೋಡಲು ಏನಿದೆ, ಪಕ್ಕದ ಮನೆಯವರ ನೀರಿನ ಟ್ಯಾಂಕು. ಅದಕ್ಕಿಂತ ಸಾವಿರ ಪಾಲು ವಾಸಿಯಾದದ್ದನ್ನು ಕೊಡುತ್ತೇನೆ ಎಂದು ಕುಂಚ ಹಿಡಿದ. ಎರಡು ಬಾಗಿಲಿನ ಕಿಟಕಿ, ಗಾಳಿಗೆ ಹಾರುವ ನೀಲಿ ಪರದೆ, ಕಟ್ಟೆಯ ಮೇಲೊಂದು ಬೆಕ್ಕು, ದೂರದಲ್ಲಿ ಬೆಟ್ಟ, ಬೆಟ್ಟದಿಂದ ಇಳಿದು ಬರುವ ಹೊಳೆ. ಬಣ್ಣ ಒಣಗುವ ತನಕ ಅಮ್ಮ ನಡುಮನೆಯಲ್ಲಿ, ಜಮಖಾನದ ಚಿತ್ರದ ಮೇಲೆ ಚಾಪೆ ಹಾಸಿಕೊಂಡು, ಕೆಮ್ಮುತ್ತ ಕೂತಿದ್ದಳು.

ಒಣಗಿದ ಮೇಲೆ ಬೀದಿಯವರೆಲ್ಲ ಬಂದು ನೋಡಿ ಭೇಷ್ ಅಂದರು. ಅಮ್ಮನೂ ಬಹಳ ಹೊತ್ತು ನೋಡಿದಳು.

"ಚೆನ್ನಾಗಿದೆ ಕಣೋ," ಅಂದಳು. "ಈಗ ತೆಗಿ."

ಬೋರ್ಡಣ್ಣ ಇದನ್ನು ತನ್ನ ಕಲೆಗೆ ಸಿಕ್ಕ ದೊಡ್ಡ ಬಿರುದೆಂದು ತಿಳಿದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ. ಅಮ್ಮನಿಗೆ ಮಾತ್ರ ಕೂತೇ ನಿದ್ದೆ ಮಾಡುವುದು ತಪ್ಪಲಿಲ್ಲ. ಅವನ ಹೆಂಡತಿ ನರ್ಸಿಂಗ್ ಹೋಮಿನಲ್ಲಿ ಆಯಾ. ಉಸಿರಿಗೆ ಒದ್ದಾಡುವವರನ್ನು ದಿನಾ ನೋಡುವವಳು. ಇಷ್ಟು ವರ್ಷ ಗಡಿಯಾರ, ಕಪಾಟು ಎಲ್ಲವನ್ನೂ ನುಂಗಿಕೊಂಡಿದ್ದವಳಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ.

"ನಿಮ್ಮ ಕಿಟಕಿ ಚೆಂದಾನೇ ಇದೆ. ಅತ್ತೆಗೆ ಬೇಕಾಗಿರೋದು ಗಾಳಿ."

"ಗಾಳಿ ಇಲ್ದೇನೇ ಪರದೆ ಹಾರ್ತಿದೆಯಾ?" ಎಂದ ಬೋರ್ಡಣ್ಣ.

ಹೆಂಡತಿ ಆಮೇಲೆ ಮಾತು ಬೆಳೆಸಲಿಲ್ಲ. ಅವಳು ಸುಮ್ಮನಾದರೆ ಹೆದರಬೇಕು ಎನ್ನುವಷ್ಟು ಬುದ್ಧಿ ಆ ಆರ್ಟಿಸ್ಟಿಗೆ ಇರಲಿಲ್ಲ.

ಕೆಲವು ದಿನಗಳಲ್ಲಿ ಪಕ್ಕದ ಊರಿನ ಎಣ್ಣೆ ಮಿಲ್ಲಿನವರು ದೊಡ್ಡ ಗೋಡೆ ಬರೆಯಲು ಅವನನ್ನು ಕರೆಸಿಕೊಂಡರು. ಅವನು ಬಸ್ಸು ಹತ್ತಿದ ಮರುದಿನವೇ ಅತ್ತೆ ಸೊಸೆ ಸೇರಿ ಗಾರೆ ಕೆಲಸದವನನ್ನು ಕರೆಸಿದರು. ಗುಜರಿಯಲ್ಲಿ ಹಳೇ ಕಿಟಕಿಯೊಂದು ಸಿಕ್ಕಿತ್ತು, ಕಬ್ಬಿಣದ ಸರಳುಗಳಿದ್ದದ್ದು. ಎಲ್ಲಿ ಒಡೆಯಲಿ ಎಂದು ಗಾರೆಯವನು ಕೇಳಿದಾಗ ಅಮ್ಮ ಬೆಟ್ಟ, ಹೊಳೆಯ ಕಡೆ ಬೆರಳು ತೋರಿಸಿ, ಅಳತೆ ಮಗನೇ ಹಾಕಿಟ್ಟು ಹೋಗಿದ್ದಾನೆ ಅಂದಳು. ಅವನು ಬೋರ್ಡಣ್ಣ ಬರೆದ ಚೌಕಟ್ಟಿನ ಗೆರೆ ಹಿಡಿದೇ ಒಡೆದ. ಮೊದಲು ಹೋದದ್ದು ಬೆಕ್ಕು.

ಬೋರ್ಡಣ್ಣ ವಾಪಸ್ಸು ಬಂದದ್ದು ಒಂದು ಸಂಜೆ, ಇನ್ನೂ ಬೆಳಕಿರುವಾಗಲೇ. ನಡುಮನೆಯಲ್ಲಿ ಯಾರೂ ಇರಲಿಲ್ಲ. ಹಿಂದಿನ ಕೋಣೆಯಿಂದ ಮಾತು ಕೇಳಿಸುತ್ತಿತ್ತು. ಹೋಗಿ ನೋಡಿದರೆ ಅಮ್ಮನ ಮಂಚದ ಮೇಲೆ ಮಗಳು ಪುಸ್ತಕ ಹರಡಿಕೊಂಡಿದ್ದಳು, ಹೆಂಡತಿ ಕಾಲು ಚಾಚಿ ಟೀ ಕುಡಿಯುತ್ತಿದ್ದಳು. ಅವನ ಕಣ್ಣು ಗೋಡೆಗೆ ಹೋಯಿತು. ಬೆಟ್ಟವಿಲ್ಲ, ಹೊಳೆಯಿಲ್ಲ. ಕಪ್ಪು ಟ್ಯಾಂಕು, ಸೊಟ್ಟಗೆ ಬೆಳೆದ ಪಪ್ಪಾಯಿ ಮರ, ತಂತಿಯ ಮೇಲೆ ಯಾರದೋ ಪಟ್ಟೆ ಚಡ್ಡಿ. ಅವನ ಮೈಯೆಲ್ಲ ಉರಿಯಿತು.

"ನನ್ನ ಚಿತ್ರ ತಿದ್ದಿದ್ದು ಯಾರು? ಟ್ಯಾಂಕಿಗೆ ಇಷ್ಟೊಂದು ಕಪ್ಪು ಯಾರಾದ್ರೂ ಹಾಕ್ತಾರಾ?"

ಬಣ್ಣ ಹಸಿಯಿದೆಯೋ ಎಂದು ನೋಡಲು ಬೆರಳು ಚಾಚಿದ. ಬೆರಳು ಸರಳುಗಳ ನಡುವೆ ತೂರಿತು, ಹಿಂದೆಯೇ ಮುಂಗೈಯೂ ಆಚೆ ಹೋಯಿತು. ಬಟ್ಟೆ ತೆಗೆಯುತ್ತಿದ್ದ ಪಕ್ಕದ ಮನೆಯಾಕೆ ಅವನನ್ನು ಕಂಡು, ಯಾವಾಗ ಬಂದಿರಿ ಎಂದು ವಿಚಾರಿಸಿದಳು.

ಅವನು ತಿರುಗಿ ನೋಡಿದ. ಅಮ್ಮ ಮಲಗಿದ್ದಳು. ಈ ಮನೆಗೆ ಬಂದಮೇಲೆ ಅವಳು ಮೈ ಚಾಚಿ ಮಲಗಿದ್ದನ್ನು ಅವನು ಕಂಡಿರಲೇ ಇಲ್ಲ. ಹಣೆಯ ಮೇಲಿನ ಬಿಳಿ ಕೂದಲು ಗಾಳಿಗೆ ಹಾರುತ್ತಿತ್ತು. ಬೋರ್ಡಣ್ಣನಿಗೆ ನಾಚಿಕೆಯಾಯಿತು. ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಅವನು ಬೋರ್ಡಣ್ಣನೇ ಅಲ್ಲ.

"ಅಳತೆ ನಂದೇ ಅಲ್ವಾ," ಎಂದ.

"ನಿಂದೇ ಕಣಪ್ಪಾ," ಅಂದಳು ಅಮ್ಮ.

ಅಷ್ಟು ಸಾಕಾಯಿತು ಅವನಿಗೆ. ಹಳೇ ಚೌಕಟ್ಟು ಬೋಳಾಗಿ ಕಾಣುತ್ತಿದೆ, ಒಂದು ಕೈ ಬಳಿದುಬಿಡುತ್ತೇನೆ ಎಂದು ಚೀಲದಿಂದ ಎಣ್ಣೆ ಮಿಲ್ಲಿನ ಹಳದಿ ತೆಗೆದು ಮುಚ್ಚಳಕ್ಕೆ ಕೈ ಹಾಕಿದ.

"ಬಣ್ಣ ಮಾತ್ರ ಹಚ್ಬೇಡ ಮಗಾ," ಅಂದಳು ಅಮ್ಮ. "ಉಸಿರು ಕಟ್ಟುತ್ತೆ."

ಅವನು ಡಬ್ಬಿಯನ್ನು ಹೊರಗಿಟ್ಟು ಬಂದ. ಮಂಚದ ಮೇಲೆ ಜಾಗವಿರಲಿಲ್ಲ. ಕಿಟಕಿಯ ಕೆಳಗೆ, ಏನೂ ಬರೆಯದ ಬರಿ ನೆಲದ ಮೇಲೆ ಕೂತ.