ಸಾವಂತ್ರವ್ವನ ತಂಬಿಗೆ

ನವಾಬಿ ಮುಗಿದ ಹತ್ತನೆಯ ವರ್ಷ ಸವಣೂರಿನಲ್ಲಿ ಶುರುವಾದ ವೃದ್ಧಾಶ್ರಮದ ಆಯಾ ಸಾವಂತ್ರವ್ವನಿಗೆ ಹಾವು, ದೆವ್ವ ಯಾವುದರ ಅಂಜಿಕೆಯೂ ಇಲ್ಲ. ಒಣಗಿದ ತುಟಿ ಕಂಡರೆ ಮಾತ್ರ ಕೈಕಾಲು ತಣ್ಣಗಾಗುತ್ತವೆ. ಕೋಳಿ ಕೂಗುವ ಮೊದಲೇ ತಂಬಿಗೆ ಹಿಡಿದಳೆಂದರೆ ಹದಿನಾಲ್ಕು ಹಾಸಿಗೆಗೆ ದಿನಕ್ಕೆ ಇಪ್ಪತ್ತು ಸುತ್ತು. ಒಬ್ಬೊಬ್ಬರ ಕೈಯ ತೊಗಲು ಚಿವುಟಿ ಬಿಡುತ್ತಾಳೆ. ಆ ಮಡಿಕೆ ತಟ್ಟನೆ ಇಳಿಯದಿದ್ದರೆ ಮೈಯಲ್ಲಿ ನೀರು ಸಾಲದೆಂದು ಮತ್ತೆ ತಂಬಿಗೆ ಬಗ್ಗಿಸುತ್ತಾಳೆ. ಪದೇ ಪದೇ ಏಳುವುದು ತ್ರಾಸೆಂದು ಹೊಳಬಸಪ್ಪಜ್ಜ ನೀರು ಒಲ್ಲೆನೆಂದರೆ, “ಹಾಸಿಗಿ ತೊಯ್ದ್ರ ತೊಯ್ಲಿ ಬಿಡ್ರಿ ಅಜ್ಜಾರ, ನಾ ಒಗಿತೇನಿ. ಬಾಯಿ ಒಣಗಿಸಬ್ಯಾಡ್ರಿ” ಎಂದು ಗೋಗರೆಯುತ್ತಾಳೆ. ಎದ್ದು ಕೂರಲಾಗದವರಿಗೆ ಚಮಚೆ ತಂದರಂತೂ ಅವರು ಹಲ್ಲು ಬಿಗಿಹಿಡಿದು ಮುಖ ತಿರುವುತ್ತಾರೆ. ಚಮಚೆಯಲ್ಲಿ ನೀರು ಬಿಡುವುದು ಸಾಯುವವರ ಬಾಯಿಗಲ್ಲವೇ! “ಇದು ಆ ನೀರಲ್ರಿ” ಎಂದು ಮೊದಲ ಚಮಚೆಯನ್ನು ತನ್ನ ಬಾಯಿಗೇ ಹೊಯ್ದುಕೊಂಡು ತೋರಿಸುತ್ತಾಳೆ. ಹಿಂದೆ ಹಂಸಭಾವಿಯಲ್ಲಿ ಅವ್ವನಿಗೆ ವಾಂತಿಭೇದಿಯಾದಾಗ, ನೀರು ಕೊಟ್ಟರೆ ಬೇನೆ ಹೆಚ್ಚುತ್ತದೆಂಬ ಹಿರಿಯರ ಮಾತು ಕೇಳಿ ಇದೇ ತಂಬಿಗೆಯನ್ನು ಬಚ್ಚಿಟ್ಟವಳು ಅವಳು. “ಒಂದ ಗುಟುಕು ಕೊಡ ಯವ್ವಾ” ಎಂದು ಎರಡು ದಿನ ಬೇಡಿದ ಆ ಬಾಯಿಗೆ ಅವಳು ನೀರು ಬಿಟ್ಟದ್ದು ಕೊನೆಗೆ, ಚಮಚೆಯಲ್ಲಿ.