ತಿಳಿಯಾಗಿ ಹೋದ ಮೊಟ್ಟೆಗಳು

ಹತ್ತೊಂಬತ್ತು ವರ್ಷದಿಂದ ನನ್ನ ಸೋದರತ್ತೆಯದು ಒಂದೇ ಕೆಲಸ: ಜನರ ಮಲದಲ್ಲಿ ಕೊಕ್ಕೆಹುಳುವಿನ ಮೊಟ್ಟೆ ಎಣಿಸುವುದು. ಊಟದ ಹೊತ್ತಿಗೆ ಮನೆಯಲ್ಲಿ ಯಾರೂ ಅದರ ಸುದ್ದಿ ಎತ್ತುವುದಿಲ್ಲ. ನಾನು ಎತ್ತುತ್ತೇನೆ. ಓದು ಮುಗಿಸಿ ಅವಳದೇ ಪ್ರಯೋಗಾಲಯ ಸೇರಿದ ಮೇಲಂತೂ ಬಿಟ್ಟಿಲ್ಲ.

ಅಲ್ಲಿ ಆ ಹುಳುವಿಗೊಂದು ಲಸಿಕೆ ತಯಾರಾಗುತ್ತಿತ್ತು. ಹನ್ನೆರಡು ಜನರಿಗೆ ಮಾತ್ರೆ ಕೊಟ್ಟು ಹುಳು ತೆಗೆದು, ಆರು ಮಂದಿಗೆ ಲಸಿಕೆ, ಆರು ಮಂದಿಗೆ ಬರೀ ಉಪ್ಪುನೀರು ಚುಚ್ಚಿದ್ದರು. ಯಾರಿಗೆ ಯಾವುದೆಂಬುದು ಮೊಹರು ಹಾಕಿದ ಲಕೋಟೆಯಲ್ಲಿತ್ತು. ವರ್ಷ ಕಳೆದು ಹುಳು ಮತ್ತೆ ಹತ್ತಿದೆಯೇ ಎಂದು ಹೇಳಬೇಕಾದವಳು ಅತ್ತೆ.

ಸ್ಲೈಡು ಮಾಡಿ ಕೊಡುವುದು ನಾನು, ನೋಡುವುದು ಅವಳು. ಮೊದಲೆರಡರಲ್ಲಿ ಮೊಟ್ಟೆ ಸಿಕ್ಕವು. ಆಮೇಲೆ ಒಂದರಲ್ಲೂ ಇಲ್ಲ.

“ಹತ್ತು ಖಾಲಿ!” ಲಸಿಕೆಯ ಹೊಣೆ ಹೊತ್ತಿದ್ದ ಡಾಕ್ಟರಮ್ಮನ ಮುಖ ಊರಗಲವಾಯಿತು.

ಅತ್ತೆ ಪೆನ್ನು ಕಚ್ಚುತ್ತ ಕೂತಿದ್ದಳು. “ಅಲ್ಲ ಡಾಕ್ಟ್ರೇ, ಹನ್ನೆರಡ್ರಲ್ಲಿ ಉಪ್ಪುನೀರಿನವ್ರೇ ಆರು ಜನ. ಉಪ್ಪುನೀರಿಗೂ ಹುಳ ಹೆದರ್ತಾ?” ನನ್ನ ಕಡೆ ತಿರುಗಿದಳು. “ಏನೇ ಪದವೀಧರೆ, ಸ್ಲೈಡು ಯಾವಾಗ ಮಾಡಿಟ್ಟೆ?”

“ಬೆಳಿಗ್ಗೇನೇ, ಎಲ್ಲಾ ಒಟ್ಟಿಗೆ. ನೀನು ಕಾಯ್ಬಾರ್ದು ಅಂತ.”

“ಹನ್ನೆರಡೂ?”

“ಹೂಂ.”

“ಶ್ರದ್ಧೆ ಜಾಸ್ತಿ ಆಯ್ತು ನಿಂಗೆ!” ಹಣೆ ಚಚ್ಚಿಕೊಂಡಳು.

ಸ್ಲೈಡಿಗೆ ಹಾಕುವ ಗ್ಲಿಸರಿನ್ ಮಲವನ್ನು ತಿಳಿಯಾಗಿಸುತ್ತದೆ. ಹೊತ್ತು ಮೀರಿದರೆ ಈ ಹುಳುವಿನ ತೆಳು ಮೊಟ್ಟೆಯನ್ನೂ ತಿಳಿಯಾಗಿಸಿ ಮಾಯ ಮಾಡುತ್ತದೆ. ಅರ್ಧ ಗಂಟೆಯೊಳಗೆ ನೋಡಿ ಮುಗಿಸಬೇಕು. ಪುಸ್ತಕದಲ್ಲಿ ಓದಿದ್ದೆ, ಕೈಗೆ ಇಳಿದಿರಲಿಲ್ಲ.

“ಈ ತಪ್ಪಿನ ಸುದ್ದಿ ಹೊರಗೆ ಹೋದ್ರೆ ನಿಮ್ಮ ಹತ್ತೊಂಬತ್ತು ವರ್ಷದ ಹೆಸರು?” ಡಾಕ್ಟರಮ್ಮ ಮೆಲ್ಲಗೆ ಕೇಳಿದರು.

“ಹೆಸರು ಹಾಳಾಗ್ಲಿ. ಕೆಲಸ ಮಾಡದ ಲಸಿಕೇನ ನಂಬಿ ಜನ ತೋಳು ಒಡ್ಡಿದ್ರೆ?” ಅತ್ತೆ ತನ್ನ ಹಾಳೆಗೆ ತಾನೇ ಅಡ್ಡಗೆರೆ ಎಳೆದು, ಕೆಳಗೆ ‘ತಡವಾಗಿ ನೋಡಿದ್ದು’ ಎಂದು ಬರೆದು ಸಹಿ ಹಾಕಿದಳು. ನನ್ನ ಹೆಸರು ಬರೆಯಲಿಲ್ಲ.

ಉಳಿದ ಮಾದರಿ ಫ್ರಿಜ್ಜಿನಲ್ಲಿತ್ತು. ಈ ಸಲ ಒಂದೊಂದೇ ಸ್ಲೈಡು ಮಾಡಿ, ಗಡಿಯಾರ ಹಿಡಿದು ಪಕ್ಕದಲ್ಲೇ ನಿಂತೆ.

“ಇದೆ.” “ಇದೆ.” “ಇಲ್ಲ.”

ಮಧ್ಯಾಹ್ನದ ಹೊತ್ತಿಗೆ ಎಂಟರಲ್ಲಿ ಇತ್ತು, ನಾಲ್ಕರಲ್ಲಿ ಇರಲಿಲ್ಲ.

“ಆ ನಾಲ್ವರೂ ಲಸಿಕೆಯವ್ರೇ ಇರ್ಬಹುದಾ, ಅತ್ತೆ?”

“ಲಕೋಟೆ ಒಡೆಯೋ ತನಕ ಬಾಯಿ ಮುಚ್ಕೊಂಡಿರು.”

ಹಾಗೆಂದವಳೇ ಕೊನೆಯ ಖಾಲಿ ಸ್ಲೈಡನ್ನು ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟು ಕಣ್ಣು ಹಚ್ಚಿದಳು. “ಇನ್ನೆಷ್ಟು ನಿಮಿಷ ಇದೆ?”

“ಒಂಬತ್ತು.”

“ಸಾಕು,” ಎಂದು ಮೊದಲ ಮೂಲೆಯಿಂದ ಹುಡುಕತೊಡಗಿದಳು.