ಶೇಕರ್‌ಗೆ ಹಚ್ಚಿದ ಕುಂಕುಮ

ದಸರಾ ಬಂತೆಂದರೆ ಊರಿಗೆಲ್ಲ ಸಂಭ್ರಮ, ನನಗೆ ಮಾತ್ರ ಹೊಟ್ಟೆಯುರಿ. ಸೇವಂತಿಗೆ ಕಂಡರಾಗದು, ಬೂದುಗುಂಬಳ ಕಂಡರೆ ಇನ್ನೂ ಆಗದು.

ಆಗ ನಾನು ಯೀಸ್ಟಿನ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಜೀವಕೋಶದೊಳಗೆ ಡಿಎನ್‌ಎ ಎಂಬ ಉದ್ದನೆಯ ದಾರ ಪ್ರೋಟೀನುಗಳಿಗೆ ಸುತ್ತಿಕೊಂಡು, ಬೀರುವಿನಲ್ಲಿ ಒತ್ತಿ ಮಡಚಿಟ್ಟ ಸೀರೆಯ ಹಾಗೆ ಕೂತಿರುತ್ತದೆ. ಅದಕ್ಕೆ ಕ್ರೊಮ್ಯಾಟಿನ್ ಎನ್ನುತ್ತೇವೆ. ಮಡಿಕೆ ಬಿಚ್ಚಿದರಷ್ಟೇ ಅಲ್ಲಿರುವ ಜೀನ್ ಕೆಲಸಕ್ಕೆ ಬರುವುದು. ಒಂದು ಬಗೆಯ ಸಕ್ಕರೆಯನ್ನು ಒಮ್ಮೆ ತಿಂದ ಯೀಸ್ಟು ಎರಡನೆಯ ಸಲ ಆ ಮಡಿಕೆಯನ್ನು ಬೇಗ ಬಿಚ್ಚುತ್ತದೆ. ತಿಂದದ್ದು ಅಜ್ಜಿ, ನೆನಪು ಮೊಮ್ಮಗಳಿಗೆ. ಆ ನೆನಪು ಎಷ್ಟು ತಲೆಮಾರು ಉಳಿಯುತ್ತದೆ ಎಂಬುದೇ ನನ್ನ ಪ್ರಶ್ನೆ.

ನನ್ನ ಪ್ರಬಂಧವನ್ನು ಒಪ್ಪಿಕೊಳ್ಳಲು ಸಂಶೋಧನಾ ಪತ್ರಿಕೆಯವರು ಇದೊಂದು ಪ್ರಯೋಗ ಕೇಳಿದ್ದರು. ಪ್ರಬಂಧ ಬಂದರೆ ಫೆಲೋಶಿಪ್ ಮುಂದುವರಿಯುತ್ತಿತ್ತು, ಇಲ್ಲದಿದ್ದರೆ ಆ ತಿಂಗಳಿಗೇ ಮುಕ್ತಾಯ. ಯೀಸ್ಟು ಶೇಕರ್ ಯಂತ್ರದಲ್ಲಿ ಅಲುಗಾಡುತ್ತಲೇ ಬೆಳೆಯಬೇಕು. ನಡುವೆ ನಿಂತರೆ ತಲೆಮಾರಿನ ಲೆಕ್ಕ ತಪ್ಪಿ ಎಲ್ಲ ಹಾಳು. ‘ಆಫ್ ಮಾಡಬೇಡಿ’ ಎಂದು ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದ್ದೆ. ವಿಭಾಗದ ಮುಖ್ಯಸ್ಥರಿಗೂ ಬಾಯಿಬಿಟ್ಟು ಹೇಳಿದ್ದೆ. ಹೂಂ ಅಂದಿದ್ದರು.

ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನ ಲ್ಯಾಬಿನಲ್ಲಿ ಪೂಜೆ. ನಾನು ಸರಸ್ವತಿಪುರಂನ ರೂಮಿಗೆ ಹೋಗಿ, ಉಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾಗಿಲಿಗೆ ಬಾಳೆಕಂದು, ಪ್ರತಿ ಯಂತ್ರಕ್ಕೂ ವಿಭೂತಿ, ಕುಂಕುಮ, ಒಂದೊಂದು ಸೇವಂತಿಗೆ. ಶೇಕರ್ ನಿಂತಿತ್ತು. ನನ್ನ ಚೀಟಿಯ ಮೇಲೇ ಕುಂಕುಮ ಹಚ್ಚಿದ್ದರು. ಅದರ ಪ್ಲಗ್ ಕಿತ್ತು, ಸರಸ್ವತಿಯ ಪಟಕ್ಕೆ ಹಾಕಿದ ಸೀರಿಯಲ್ ಸೆಟ್ಟನ್ನು ಅಲ್ಲಿಗೆ ಸಿಕ್ಕಿಸಿದ್ದರು. ಊರ ತುಂಬ ದೀಪ ಉರಿಯುವ ದಿನ ಇವರಿಗೆ ನನ್ನ ಪ್ಲಗ್ಗೇ ಬೇಕಿತ್ತು. ಫ್ಲಾಸ್ಕಿನ ತಳದಲ್ಲಿ ಯೀಸ್ಟು ಗಸಿಯಾಗಿ ಕೂತಿತ್ತು.

ಪೂಜೆ ಮಾಡಿದವರು ಮುಖ್ಯಸ್ಥರೇ, ಪ್ಲಗ್ ಕಿತ್ತವರೂ ಅವರೇ. ಕೇಳಿದರೆ ಪ್ರಸಾದದ ತಟ್ಟೆಯನ್ನು ನನ್ನತ್ತ ಚಾಚಿದರು.

“ಒಂದಿನ ಮಿಷನ್‌ಗೂ ರೆಸ್ಟ್ ಬೇಡ್ವೇನಮ್ಮ? ಯೀಸ್ಟ್ ತಾನೆ, ಮತ್ತೆ ಬೆಳ್ಕೊಳುತ್ತೆ ಬುಡಮ್ಮ.”

ಯೀಸ್ಟು ಬೆಳೆಯುತ್ತದೆ, ನಿಜ. ಫೆಲೋಶಿಪ್ ಬೆಳೆಯುವುದಿಲ್ಲ. ಪತ್ರಿಕೆಯವರೇನೋ ಗಡುವು ಮುಂದೂಡಲು ಒಪ್ಪಿದರು. ಅಲ್ಲಿಯವರೆಗೆ ನನ್ನ ಫೆಲೋಶಿಪ್ ಅವಧಿ ವಿಸ್ತರಿಸಲು ಬೇಕಿದ್ದ ಶಿಫಾರಸನ್ನು ಮಾತ್ರ ಮುಖ್ಯಸ್ಥರು ಕೊಡಲಿಲ್ಲ, ಕೆಲಸ ಅಪೂರ್ಣವಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಈಗ ಅದೇ ಸರಸ್ವತಿಪುರಂನ ಟ್ಯುಟೋರಿಯಲ್ ಒಂದರಲ್ಲಿ ಪಾಠ ಹೇಳುತ್ತೇನೆ. ಅಲ್ಲಿ ಕ್ರೊಮ್ಯಾಟಿನ್ ಅಂದರೆ ಒಂದು ಪ್ರಶ್ನೆ, ನಾಲ್ಕು ಉತ್ತರ. ಸರಿಯಾದದ್ದಕ್ಕೆ ಗುರುತು ಹಾಕಿದರೆ ಮುಗಿಯಿತು, ಮಕ್ಕಳು ಮುಂದಿನ ಪ್ರಶ್ನೆಗೆ ಹೋಗುತ್ತಾರೆ.

ಹೋದ ದಸರೆಯಲ್ಲಿ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಮುಖ್ಯಸ್ಥರು ಎದುರಾದರು. ನಿವೃತ್ತರಾಗಿದ್ದಾರೆ, ಕಂಕುಳಲ್ಲಿ ಬೂದುಗುಂಬಳ. ಗುರುತು ಹಿಡಿದು ಪ್ರೀತಿಯಿಂದಲೇ ಮಾತಾಡಿಸಿದರು. ಅಷ್ಟು ಒಳ್ಳೆಯ ಕೆಲಸವನ್ನು ಅರ್ಧಕ್ಕೆ ಯಾಕೆ ಬಿಟ್ಟೆ ಎಂದು ಕೇಳಿದರು. ನಾಟಕವಾಡುತ್ತಿದ್ದಾರೇನೋ ಎಂದು ಮುಖ ನೋಡಿದೆ. ನಾಟಕವಿರಲಿಲ್ಲ.

“ಶೇಕರ್ ಆಫ್ ಮಾಡಿದ್ರಲ್ಲ ಸರ್, ಪೂಜೆ ದಿನ.”

“ನಾನಾ? ಯಾವಾಗಮ್ಮ?” ಎಂದರು.

ಯೀಸ್ಟಿಗಾದರೂ ಕೆಲವು ತಲೆಮಾರು ನೆನಪಿರುತ್ತದೆ.